ಚೋಮ ಯಾವ ಭಾಷೆಯಲ್ಲಿ ಮಾತಾಡುತ್ತಾನೆ?

ಸಾಹಿತ್ಯ ಮತ್ತು ಸಿನಿಮಾ ಎಂಬ ವಿಷಯದ ಮೇಲೆ ಕನ್ನಡದಲ್ಲಿ ಎಲ್ಲೇ ವಿಚಾರಸಂಕಿರಣ ನಡೆಯಲಿ, ಮಧ್ಯಾಹ್ನದ ಊಟಕ್ಕೆ ಮೊದಲು ಯಾರಾದರೊಬ್ಬರು ತರಾಸು ಅವರ ಹಾವಿನ ಮಾತನ್ನು ಎತ್ತಿಯೇ ಎತ್ತುತ್ತಾರೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದು ಚಿತ್ರ ಮಾಡಿದರು. ಅದನ್ನು ನೋಡಿದ ತರಾಸು, ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರಂತೆ. ಸಭೆ ನಗುತ್ತದೆ. ಭಾಷಣಕಾರರು ನೀರು ಕುಡಿಯುತ್ತಾರೆ. ಅಲ್ಲಿಗೆ ಕಾದಂಬರಿಕಾರನಿಗೂ ಬೆಳ್ಳಿತೆರೆಗೂ ಇರುವ ಸಂಬಂಧದ ಚರ್ಚೆ ಮುಗಿದಂತೆಯೇ.

ನನಗೆ ಆ ಮಾತಿನ ಬಗ್ಗೆ ತಕರಾರಿಲ್ಲ. ರಾಮಾಚಾರಿಯನ್ನು ಮೂರು ಪುಸ್ತಕಗಳಷ್ಟು ದೂರ ಜೊತೆಗೆ ನಡೆಸಿಕೊಂಡು ಹೋದ ಲೇಖಕನಿಗೆ, ಅವನು ಒಂದೇ ಸಂಜೆಯಲ್ಲಿ ಬೆಟ್ಟದಿಂದ ಹಾರಿ ಮುಗಿದುಹೋಗುವುದನ್ನು ಕಂಡು ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ತಕರಾರಿರುವುದು ನಾವು ಆ ಮಾತನ್ನು ಬಳಸುವ ಬಗೆಯ ಮೇಲೆ. ಅದರಿಂದಾಗಿ ಪ್ರತಿಯೊಂದು ಚಿತ್ರರೂಪವೂ ಒಂದು ಕೋರ್ಟು ಕೇಸಾಗಿಬಿಟ್ಟಿದೆ: ಕಾದಂಬರಿಕಾರ ಫಿರ್ಯಾದಿ, ನಿರ್ದೇಶಕ ಆರೋಪಿ, ವಿಮರ್ಶಕರು ಎರಡೂ ಕಡೆಯ ದಾಖಲೆ ನೋಡಿ ತೀರ್ಪು ಕೊಡುವವರು. ಏನು ಬಿಟ್ಟರು, ಏನು ಸೇರಿಸಿದರು, ಕೊನೆ ಯಾಕೆ ಬದಲಾಯಿತು ಎಂದು ಪಟ್ಟಿ ಮಾಡಿದರೆ ಒಂದು ಪ್ರಬಂಧ ತಯಾರು. ನಾನೂ ಅಂಥ ಪಟ್ಟಿಗಳನ್ನು ಮಾಡಿದವಳೇ, ಪಿಎಚ್.ಡಿ. ಎಂದಮೇಲೆ ಪಟ್ಟಿ ಮಾಡದೆ ಇರಲು ಆಗುವುದಿಲ್ಲ.

ಆದರೆ ಕಾದಂಬರಿಕಾರನೇ ಚಿತ್ರಕಥೆ ಬರೆದಾಗ ಈ ಕೋರ್ಟು ಏನು ಮಾಡಬೇಕು? ಕನ್ನಡದಲ್ಲಿ ಅಂಥವರು ಕಡಿಮೆಯೇನಿಲ್ಲ. ಚಂದ್ರಶೇಖರ ಕಂಬಾರರು ‘ಕಾಡುಕುದುರೆ’, ‘ಸಂಗೀತ’ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ಬರಗೂರು ರಾಮಚಂದ್ರಪ್ಪ, ನಾಗತಿಹಳ್ಳಿ ಚಂದ್ರಶೇಖರ ಇಬ್ಬರೂ ಬರವಣಿಗೆಯ ಮೇಜಿನಿಂದ ಎದ್ದು ಕ್ಯಾಮೆರಾದ ಹಿಂದೆ ಹೋದವರು. ಇವರೆಲ್ಲರಿಗಿಂತ ಹಿಂದೆ, ಇವರೆಲ್ಲರಿಗಿಂತ ವಿಚಿತ್ರವಾಗಿ, ಶಿವರಾಮ ಕಾರಂತರಿದ್ದಾರೆ.

‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಆಗ ಕಾರಂತರಿಗೆ ಮೂವತ್ತು ದಾಟಿತ್ತಷ್ಟೆ. ಬಿ.ವಿ. ಕಾರಂತರ ನಿರ್ದೇಶನದಲ್ಲಿ ಅದು ಚಿತ್ರವಾದದ್ದು 1975ರಲ್ಲಿ. ಚಿತ್ರಕಥೆ ಸ್ವತಃ ಶಿವರಾಮ ಕಾರಂತರದು. ನಡುವೆ 42 ವರ್ಷ. ಎಪ್ಪತ್ತು ದಾಟಿದ ಒಬ್ಬ ಮನುಷ್ಯ ತನ್ನ ಮೂವತ್ತರ ಬರಹವನ್ನು ತೆರೆದು, ಇದರಲ್ಲಿ ಕಣ್ಣಿಗೆ ಕಾಣುವುದೇನು, ಕಿವಿಗೆ ಕೇಳುವುದೇನು ಎಂದು ಸಾಲು ಸಾಲಾಗಿ ಕೇಳಿಕೊಳ್ಳಬೇಕಾಗಿ ಬಂದ ಸಂದರ್ಭ ಅದು. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ, ಶಿವರಾಮ ಕಾರಂತರಿಗೆ ಅತ್ಯುತ್ತಮ ಕಥೆಯ ಪ್ರಶಸ್ತಿ. ಗಮನಿಸಿ, ಕಥೆಗೆ. ನಾಲ್ಕು ದಶಕಗಳಿಂದ ಓದುಗರ ಕೈಯಲ್ಲಿದ್ದ ಕಥೆಗೆ ಬಹುಮಾನ ಸಿಕ್ಕಿತು. ಆ ವರ್ಷ ಅವರು ಹೊಸದಾಗಿ ಮಾಡಿದ ಕೆಲಸ ಯಾವುದೋ ಅದರ ಬಗ್ಗೆ ಆಗಲೂ ಹೆಚ್ಚು ಮಾತಿಲ್ಲ, ಈಗಲೂ ಇಲ್ಲ.

ಕಾರಂತರ ಮಟ್ಟಿಗೆ ‘ಕಾದಂಬರಿಕಾರ ಸಿನಿಮಾಕ್ಕೆ ಬಂದರು’ ಎಂಬ ವಾಕ್ಯವೇ ಸರಿಯಿಲ್ಲ. ಅವರು ಸಿನಿಮಾದ ಕಡೆಯಿಂದ ಕಾದಂಬರಿಗೆ ಬಂದವರು ಎಂದರೂ ನಡೆದೀತು. 1930ರ ಆಸುಪಾಸಿನಲ್ಲಿ, ಕನ್ನಡಕ್ಕೆ ಮಾತಿನ ಚಿತ್ರ ಬರುವುದಕ್ಕೂ ಮುಂಚೆ, ಅವರು ಮೂಕಿ ಚಿತ್ರಗಳಿಗೆ ಕೈಹಾಕಿದ್ದರು. ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಹೆಸರುಗಳು ಚಲನಚಿತ್ರ ಚರಿತ್ರೆಯ ಪುಸ್ತಕಗಳಲ್ಲಿ ಉಳಿದುಕೊಂಡಿವೆ. ಅಂದರೆ ಚೋಮನನ್ನು ಬರೆಯಲು ಕುಳಿತ ಹೊತ್ತಿಗಾಗಲೇ, ಮಾತಿಲ್ಲದೆ ಕಥೆ ಹೇಳುವುದು ಎಷ್ಟು ಕಷ್ಟ ಎಂಬುದು ಅವರಿಗೆ ಕೈಯಾರೆ ಗೊತ್ತಿತ್ತು. ಇನ್ನೂ ಒಂದು ಸಂಗತಿ. ಚಿತ್ರಕಥೆ ಬರೆಯುತ್ತಿದ್ದ ಅದೇ ಎಪ್ಪತ್ತರ ದಶಕದಲ್ಲಿ ಅವರು ಯಕ್ಷಗಾನವನ್ನು ಬ್ಯಾಲೆಯಾಗಿ ಮರುರೂಪಿಸುತ್ತಿದ್ದರು. ಪಿಟೀಲು, ಸ್ಯಾಕ್ಸೊಫೋನು ತಂದರು ಎಂದು ಸಂಪ್ರದಾಯಸ್ಥರು ಸಿಟ್ಟಾದದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯವೆನ್ನಿಸುವುದು ಅವರು ತೆಗೆದುಹಾಕಿದ್ದು: ಅರ್ಥಗಾರಿಕೆ. ಪಾತ್ರಧಾರಿ ಗಂಟೆಗಟ್ಟಲೆ ಆಡುವ ಆ ಮಾತನ್ನು ಬಿಟ್ಟು ಪದ, ಕುಣಿತ, ಚೆಂಡೆ-ಮದ್ದಳೆಗಳನ್ನು ಮಾತ್ರ ಉಳಿಸಿಕೊಂಡರು. ನೂರಾರು ಪುಸ್ತಕ ಬರೆದ ಮನುಷ್ಯ ರಂಗದ ಮೇಲೆ ಮಾತನ್ನು ನಂಬುತ್ತಿರಲಿಲ್ಲ!

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಚೋಮನ ದುಡಿ’ಯ ಪುಸ್ತಕ ಮತ್ತು ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟರೆ, ಮೊದಲು ಕಣ್ಣಿಗೆ ಬೀಳುವುದು ಯಾವ ಸನ್ನಿವೇಶ ಬಿಟ್ಟುಹೋಗಿದೆ ಎಂಬುದಲ್ಲ. ಕಥೆಯ ಮೈಕಟ್ಟು ಹಾಗೇ ಇದೆ. ಕಾಡಿನಲ್ಲಿ ಸಿಕ್ಕಿದ ಒಂದು ಜೋಡಿ ಎತ್ತು ಸಾಕಿಕೊಂಡು, ಗೇಣಿಗಾದರೂ ಒಂದು ತುಂಡು ಭೂಮಿ ಸಿಕ್ಕೀತೆಂದು ಹಂಬಲಿಸುವ ಮೂಲದಾಳು ಚೋಮ. ಹೊಲೆಯನಿಗೆ ಬೇಸಾಯವೇ ಎನ್ನುವ ಊರು. ತೀರದ ತೋಟದ ಸಾಲ, ಅದನ್ನು ವಸೂಲು ಮಾಡಲು ಬರುವ ರೈಟರ್ ಮನ್ವೇಲ. ಘಟ್ಟದ ಕಾಫಿ ತೋಟಕ್ಕೆ ದುಡಿಯಲು ಹೋಗುವ ಮಕ್ಕಳಲ್ಲಿ ಒಬ್ಬನನ್ನು ರೋಗ ತಿನ್ನುತ್ತದೆ, ಇನ್ನೊಬ್ಬ ಮತಾಂತರವಾಗಿ ಅಲ್ಲೇ ಮದುವೆಯಾಗುತ್ತಾನೆ. ನೀಲ ಹೊಳೆಯಲ್ಲಿ ಮುಳುಗುತ್ತಾನೆ, ಮುಟ್ಟಬಾರದವನನ್ನು ಎತ್ತಲು ಯಾರೂ ನೀರಿಗಿಳಿಯುವುದಿಲ್ಲ. ಮಗಳು ಬೆಳ್ಳಿ ತೋಟಕ್ಕೆ ಹೋಗಿ ಬಂದಮೇಲೆ ಸಾಲ ತೀರಿರುತ್ತದೆ. ತೀರಿದ್ದು ಹೇಗೆಂದು ಅವಳಿಗೆ ಗೊತ್ತು. ಕೊನೆಗೆ ಎತ್ತುಗಳನ್ನು ಅಟ್ಟಿ, ಬಾಗಿಲು ಮುಚ್ಚಿಕೊಂಡು, ದುಡಿ ಬಾರಿಸುತ್ತ ಬಾರಿಸುತ್ತ ಸಾಯುವ ಚೋಮ. ಇಷ್ಟೂ ಎರಡೂ ಕಡೆ ಇದೆ.

ಚಿತ್ರದಲ್ಲಿ ಇಲ್ಲದಿರುವುದು ಒಂದೇ, ನಿರೂಪಕ. ಕಾದಂಬರಿಯಲ್ಲಿ ಚೋಮನಿಗೂ ನಮಗೂ ನಡುವೆ ಒಬ್ಬ ಓದಿದ ಮನುಷ್ಯ ನಿಂತಿದ್ದಾನೆ. ಅವನಿಗೆ ಚೋಮನ ಮೇಲೆ ಅಪಾರ ಕರುಣೆಯಿದೆ, ಊರಿನವರ ಮೇಲೆ ಸಿಟ್ಟಿದೆ, ವ್ಯಂಗ್ಯವೂ ಇದೆ. ಚೋಮನ ತಲೆಯೊಳಗೆ ನಡೆಯುವುದನ್ನು ನಮ್ಮ ಅಚ್ಚುಕಟ್ಟಾದ ಕನ್ನಡಕ್ಕೆ ತಂದು ಹೇಳುವವನು ಅವನೇ. ಚಿತ್ರಕಥೆಯೆಂದರೆ ಆ ಮನುಷ್ಯನನ್ನು ಮನೆಗೆ ಕಳಿಸುವುದು. ಕಾರಂತರು ತಾವೇ ತಮ್ಮನ್ನು ಮನೆಗೆ ಕಳಿಸಿಕೊಂಡರು ಎನ್ನಬೇಕು.

ಅದರ ಪರಿಣಾಮ ಹೊಳೆಯ ದೃಶ್ಯದಲ್ಲಿ ಅತ್ಯಂತ ತೀಕ್ಷ್ಣವಾಗಿದೆ. ಪುಸ್ತಕದಲ್ಲಿ ನೀಲ ಮುಳುಗುವಾಗ ನಾವು ನಿರೂಪಕನ ಪಕ್ಕದಲ್ಲಿದ್ದೇವೆ. ಅವನ ಆಕ್ರೋಶವೇ ನಮ್ಮ ಆಕ್ರೋಶವಾಗಿ, ನಾವು ಆ ದಡದವರಲ್ಲ ಎಂಬ ಸಮಾಧಾನ ಹೇಗೋ ಸಿಕ್ಕಿಬಿಡುತ್ತದೆ. ತೆರೆಯ ಮೇಲೆ ಆ ಸಮಾಧಾನವಿಲ್ಲ. ನೋಡುವವರು ನಾವು; ಮುಳುಗುತ್ತಿರುವವನನ್ನು ನೋಡುತ್ತ ಸುಮ್ಮನೆ ಕುಳಿತವರು ನಾವು. ದಡದಲ್ಲಿ ನಿಂತವರಿಗೂ ಕುರ್ಚಿಯಲ್ಲಿ ಕೂತವರಿಗೂ ಆ ಹೊತ್ತಿಗೆ ಕೆಲಸ ಒಂದೇ. ಎತ್ತುಗಳ ವಿಷಯವೂ ಹೀಗೇ. ಪುಟದ ಮೇಲೆ ಅವು ಚೋಮನ ಆಸೆ ಎಂದು ಹೇಳಿ ಮುಂದೆ ಹೋಗಬಹುದು. ಚಿತ್ರದಲ್ಲಿ ಅವಕ್ಕೆ ಮೈಯಿದೆ, ಬಾಲವಿದೆ, ದಿನಾ ಮೇವು ಬೇಕು. ಹೊಟ್ಟೆಗಿಲ್ಲದ ಗುಡಿಸಲಿನ ಪಕ್ಕದಲ್ಲಿ ಉಳಲಾಗದ ಎರಡು ಎತ್ತುಗಳನ್ನು ಸಾಕುವುದೆಂದರೇನೆಂದು, ಆ ಮನೆಯ ಖರ್ಚಿನ ಲೆಕ್ಕದಲ್ಲಿ ಯೋಚಿಸುವಂತೆ ನನ್ನನ್ನು ಮಾಡಿದ್ದು ಚಿತ್ರ, ಪುಸ್ತಕವಲ್ಲ.

ಇಲ್ಲಿಯವರೆಗಿನದು ನನ್ನ ಅಧ್ಯಾಯದ ಕರಡಿನಲ್ಲಿ ಮೊದಲೇ ಇತ್ತು. ಜ್ಞಾನಭಾರತಿಯ ಲೈಬ್ರರಿಯಲ್ಲಿ ಕೂತು ಬರೆದದ್ದು. ಮುಂದಿನದು ಬಂದದ್ದು ಬೇರೆ ಕಡೆಯಿಂದ.

ವಿಜಯನಗರದ ಪೀಜಿಯಲ್ಲಿ ನನ್ನ ರೂಮಿನಲ್ಲಿರುವವಳು ಪುತ್ತೂರಿನ ಕಡೆಯವಳು. ಕೆಂಗೇರಿಯ ಹತ್ತಿರದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾಳೆ, ಸಾಹಿತ್ಯದ ಸಹವಾಸ ಅವಳಿಗಿಲ್ಲ. ಒಂದು ಭಾನುವಾರ ನಾನು ಅಂತರ್ಜಾಲದಲ್ಲಿ ಸಿಗುವ ಮಸುಕು ಪ್ರತಿಯೊಂದರಲ್ಲಿ ಚಿತ್ರವನ್ನು ನಾಲ್ಕನೆಯದೋ ಐದನೆಯದೋ ಸಲ ನೋಡುತ್ತ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ, ಬಟ್ಟೆ ಮಡಚುತ್ತಿದ್ದ ಅವಳು ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿದಳು. ನಂತರ ಕೇಳಿದಳು: ‘ಇವರೆಲ್ಲ ಯಾಕೆ ಕನ್ನಡ ಮಾತಾಡ್ತಿದ್ದಾರೆ?’

ನಾನು, ಕನ್ನಡ ಸಿನಿಮಾ ಅಲ್ವಾ ಎಂದೆ. ಅವಳು ಒಪ್ಪಲಿಲ್ಲ. ನಮ್ಮ ಕಡೆ ಚೋಮನಂಥವರು ಮನೆಯೊಳಗೆ ಮಕ್ಕಳ ಜೊತೆ ತುಳುವಿನಲ್ಲೇ ಮಾತಾಡುವುದು, ಧಣಿಯ ಹತ್ತಿರವೂ ತುಳುವೇ. ಈ ಕನ್ನಡ ಯಾರದು? ಇಷ್ಟು ಹೇಳಿ ಬಟ್ಟೆ ಮಡಚಲು ಹೋದಳು.

ಕಾದಂಬರಿಯನ್ನು ಎಷ್ಟು ಸಲ ಓದಿದ್ದರೂ ನನಗೆ ಈ ಪ್ರಶ್ನೆ ಎದ್ದಿರಲಿಲ್ಲ. ಏಳದಿರುವುದಕ್ಕೆ ಕಾರಣವೂ ಇದೆ. ಪುಸ್ತಕದಲ್ಲಿ ಚೋಮನ ಮಾತು ನಿರೂಪಕನ ಮೂಲಕ ಬರುತ್ತದೆ. ಅವನು ಎಲ್ಲವನ್ನೂ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಾನೆ ಎಂಬ ಒಪ್ಪಂದ ಮೊದಲ ಪುಟದಲ್ಲೇ ಆಗಿಹೋಗಿರುತ್ತದೆ. ಉದ್ಧರಣ ಚಿಹ್ನೆಯೊಳಗಿನ ಮಾತೂ ಒಂದು ಬಗೆಯ ಅನುವಾದವೇ, ಆದರೆ ಅದನ್ನು ಅನುವಾದವೆಂದು ನಮ್ಮ ಕಣ್ಣು ಗುರುತಿಸುವುದಿಲ್ಲ. ನಿರೂಪಕನನ್ನು ತೆಗೆದುಬಿಟ್ಟಿರೋ, ಆ ಒಪ್ಪಂದವೂ ಬಿದ್ದುಹೋಗುತ್ತದೆ. ಈಗ ಒಬ್ಬ ಮನುಷ್ಯ ತನ್ನ ಗುಡಿಸಲಲ್ಲಿ ತನ್ನ ಬಾಯಿಂದಲೇ ಮಾತಾಡುತ್ತಿದ್ದಾನೆ. ಕಿವಿ ಕೇಳುತ್ತದೆ: ಇದು ಇವನ ಮಾತೇ?

ಕಾರಂತರಿಗೆ ಇದು ತಿಳಿಯದ್ದೇನಲ್ಲ. ಅವರ ಹುಟ್ಟೂರು ಕೋಟ, ಅಲ್ಲಿನ ಮಾತು ಕನ್ನಡ. ಆದರೆ ಬದುಕಿನ ಬಹುಭಾಗ ಕಳೆದದ್ದು ಪುತ್ತೂರಿನಲ್ಲಿ, ತುಳುವಿನ ನಡುವೆ. ನಿರ್ದೇಶಕ ಬಿ.ವಿ. ಕಾರಂತರು ಬಂಟ್ವಾಳದ ಹತ್ತಿರದ ಮಂಚಿಯವರು. ಇಬ್ಬರಿಗೂ ಆ ಸೀಮೆಯ ಸದ್ದು ಗೊತ್ತು. ಕಥೆಯ ಊರಿನಲ್ಲಿ ಎಷ್ಟು ಭಾಷೆಗಳಿರಬಹುದು ಎಂದು ಎಣಿಸಿ ನೋಡಿ. ಚೋಮನ ಮನೆಯಲ್ಲಿ ತುಳು. ಮನ್ವೇಲನ ಮನೆಯಲ್ಲಿ ಕೊಂಕಣಿ ಇದ್ದೀತು. ಕಾಗದಪತ್ರ, ಪಾಠಶಾಲೆ, ಸಾಹಿತ್ಯಕ್ಕೆ ಕನ್ನಡ. ಆಗ ಆ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಮೇಲಿನ ಸರ್ಕಾರದ ಭಾಷೆ ಇಂಗ್ಲಿಷು. ಭೂಮಿಯಾಸೆಗೆ ಮತಾಂತರವಾಗಲು ಹೊರಟ ಚೋಮನನ್ನು ತಡೆದು ಹಿಂದಕ್ಕೆ ಕರೆಯುವುದು ಪಂಜುರ್ಲಿ. ಆ ದೈವದ ನುಡಿಯೂ ತುಳುವೇ, ಅದರ ಪಾಡ್ದನವೂ ತುಳುವೇ. ದೈವ ತುಳುವಿನಲ್ಲಿ ಕರೆದರೆ ಓಗೊಡುವವನು ಕನ್ನಡದವನಾಗಿರಲು ಹೇಗೆ ಸಾಧ್ಯ?

ತುಳುವಿನಲ್ಲಿ ಚಿತ್ರ ಮಾಡುವುದು ಆಗ ಅಸಾಧ್ಯವಾಗಿರಲಿಲ್ಲ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ 1971ರಲ್ಲೇ ಬಂದಿತ್ತು. ಆದರೆ ಕನ್ನಡದ ಹೊಸ ಅಲೆಗೆ, ಅದರ ಪ್ರೇಕ್ಷಕರಿಗೆ, ಪ್ರಶಸ್ತಿ ಸಮಿತಿಗಳಿಗೆ ಬೇಕಾಗಿದ್ದದ್ದು ಒಂದು ಕನ್ನಡ ಚಿತ್ರ. ಇದನ್ನು ಅಪರಾಧವೆಂದು ಹೇಳಲು ಹೊರಟಿಲ್ಲ. ಹಾಗೆ ಹೇಳಿದರೆ ನಾನೂ ಅದೇ ಕೋರ್ಟಿಗೆ ಹೋದಂತಾಯಿತು. ಚಿತ್ರರೂಪ ಏನನ್ನು ಬಯಲಿಗೆ ತರುತ್ತದೆ ಎಂಬುದಷ್ಟೇ ನನ್ನ ಕುತೂಹಲ. ಕಾದಂಬರಿ 42 ವರ್ಷ ಮುಚ್ಚಿಟ್ಟುಕೊಂಡಿದ್ದ ಒಂದು ಬಿರುಕು ಚಿತ್ರದಲ್ಲಿ ಕೇಳಿಸತೊಡಗಿತು, ಅದೂ ಕೇಳುವ ಕಿವಿಯಿದ್ದವರಿಗೆ. ಗಣಿತದ ಮೇಡಂ ಒಬ್ಬರಿಗೆ ಎರಡೇ ನಿಮಿಷದಲ್ಲಿ ಕೇಳಿಸಿದ್ದು, ಕನ್ನಡ ಎಂ.ಎ.ಯಲ್ಲಿ ಆ ಪುಸ್ತಕವನ್ನು ಇಡಿಯಾಗಿ ಓದಿಕೊಂಡು ಬಂದ ನಮಗೆ ಕೇಳಿಸಿರಲಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ, ಇದೇನು ಭಾಷೆ, ಓದಲಿಕ್ಕೇ ಆಗುವುದಿಲ್ಲ ಎಂದವರಿದ್ದರು. ನಂಜನಗೂಡು ಸೀಮೆಯ ಆ ಮಾತು ಬಂದಮೇಲೆ ಹಿಂತಿರುಗಿ ನೋಡಿದರೆ, ಚೋಮನ ಸರಾಗವಾದ ಕನ್ನಡ ನಮಗೆ ಇಷ್ಟು ದಿನ ಎಷ್ಟು ಅನುಕೂಲ ಮಾಡಿಕೊಟ್ಟಿತ್ತು ಎಂದು ಗೊತ್ತಾಗುತ್ತದೆ.

ಈಗ ದುಡಿಗೆ ಬರುತ್ತೇನೆ. ಚಿತ್ರದಲ್ಲಿ ಎಲ್ಲವೂ ಕನ್ನಡಕ್ಕೆ ಬಂದಿದೆ, ದುಡಿಯೊಂದನ್ನು ಬಿಟ್ಟು. ಅದಕ್ಕೆ ಅನುವಾದವಿಲ್ಲ. ಕಾದಂಬರಿಯಲ್ಲಿ ಅದರ ಸ್ಥಿತಿ ತಿರುಗುಮುರುಗು: ಅಲ್ಲಿ ದುಡಿಯೇ ಅತ್ಯಂತ ಬಡವಾದ ವಸ್ತು, ಏಕೆಂದರೆ ಪುಟದ ಮೇಲೆ ಚರ್ಮವಾದ್ಯಕ್ಕೆ ಸದ್ದಿಲ್ಲ. ನಿರೂಪಕ ಡಬ್ಬಡಬ್ಬ ಎಂದು ಅಕ್ಷರದಲ್ಲಿ ಬರೆಯಬಹುದು, ಚೋಮನ ದುಃಖವೆಲ್ಲ ಅದರಲ್ಲಿತ್ತು ಎನ್ನಬಹುದು. ಎಷ್ಟು ಬರೆದರೂ ಅದು ದುಡಿಯ ವಿಷಯವೇ ಹೊರತು ದುಡಿಯಲ್ಲ. ಶೀರ್ಷಿಕೆಯಲ್ಲೇ ಇರುವ ವಸ್ತುವನ್ನು ಕೇಳಿಸಲಾಗದ ಕಾದಂಬರಿ ಅದು. ಚಿತ್ರಕಥೆ ಬರೆಯುವಾಗ ಕಾರಂತರಿಗೆ ಅತಿ ದೊಡ್ಡ ಆಕರ್ಷಣೆ ಇದೇ ಆಗಿದ್ದಿರಬೇಕು ಎಂದು ನನ್ನ ಊಹೆ. ಯಕ್ಷಗಾನದಲ್ಲಿ ಮಾತನ್ನು ಬಿಟ್ಟು ಚೆಂಡೆಯನ್ನು ಉಳಿಸಿಕೊಂಡ ಮನುಷ್ಯನಿಗೆ ಇಲ್ಲಿ ದುಡಿ ಕೈಗೆ ಸಿಕ್ಕಿತ್ತು. ಚಿತ್ರಕ್ಕೆ ಸಂಗೀತ ಕೊಟ್ಟವರು ನಿರ್ದೇಶಕ ಬಿ.ವಿ. ಕಾರಂತರೇ. ಕೈಗೆ ಸಿಕ್ಕ ವಸ್ತುವಿನಿಂದೆಲ್ಲ ರಂಗಕ್ಕೆ ಬೇಕಾದ ಸದ್ದು ಹೊರಡಿಸುತ್ತಿದ್ದ ಅವರಿಗೆ, ಒಂದು ವಾದ್ಯಕ್ಕೆ ಎಷ್ಟು ಜಾಗ ಬಿಡಬೇಕೆಂದು ಗೊತ್ತಿತ್ತು. ವಾಸುದೇವರಾವ್ ಅವರ ಚೋಮ ಮಾತಾಡುವಾಗ ನಾನು ಒಬ್ಬ ಒಳ್ಳೆಯ ನಟನನ್ನು ನೋಡುತ್ತಿರುತ್ತೇನೆ. ದುಡಿ ಎತ್ತಿಕೊಂಡಾಗ ಆ ನಟ ಕಾಣುವುದಿಲ್ಲ. ಕನ್ನಡದಲ್ಲಿ ಮಾತಾಡಬೇಕಾದ ಚೋಮನ ಬಾಯಿ ಅಲ್ಲಿ ಮುಚ್ಚುತ್ತದೆ, ಅವನ ಭಾಷೆ ಅಲ್ಲಿ ಶುರುವಾಗುತ್ತದೆ.

ವಾಸುದೇವರಾವ್ ಅವರ ಬಗ್ಗೆ ಇಲ್ಲೊಂದು ಅಡ್ಡಮಾತು. ಇದಾದ ಎರಡೇ ವರ್ಷಕ್ಕೆ, 1977ರಲ್ಲಿ, ಮೃಣಾಲ್ ಸೇನ್ ಅವರು ಪ್ರೇಮಚಂದರ ‘ಕಫನ್’ ಕಥೆಯನ್ನು ‘ಒಕ ಊರಿ ಕಥಾ’ ಎಂದು ತೆಲುಗಿನಲ್ಲಿ ಚಿತ್ರ ಮಾಡಿದಾಗ, ಅದರ ಮುದುಕ ತಂದೆಯ ಪಾತ್ರಕ್ಕೆ ಇವರನ್ನೇ ಕರೆಸಿದರು. ಹಿಂದಿಯ ಕಥೆ, ಬಂಗಾಳದ ನಿರ್ದೇಶಕ, ತೆಲುಗಿನ ಚಿತ್ರ, ಕನ್ನಡದ ನಟ. ಬಡವನ ಪಾತ್ರಕ್ಕೆ ಯಾವ ಭಾಷೆಯಾದರೂ ನಡೆಯುತ್ತದೆ ಎಂಬ ನಂಬಿಕೆ ಆ ಕಾಲದ ಒಳ್ಳೆಯ ಚಿತ್ರಗಳಲ್ಲೆಲ್ಲ ಇತ್ತೆಂದು ತೋರುತ್ತದೆ. ಅದು ಉದಾರವಾದ ನಂಬಿಕೆ ಹೌದು. ಧಣಿಯ ಪಾತ್ರಕ್ಕೂ ಅಷ್ಟೇ ಸಲೀಸಾಗಿ ಅದನ್ನು ಅನ್ವಯಿಸುತ್ತಿದ್ದರೇ ಎಂಬುದು ನನ್ನ ಅನುಮಾನ.

ಚಿತ್ರ ಬಂದ ಕಾಲವನ್ನೂ ಸ್ವಲ್ಪ ನೋಡಬೇಕು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಊರೂರಲ್ಲಿ ಕೇಳುತ್ತಿದ್ದ ಹೊತ್ತು. ದಕ್ಷಿಣ ಕನ್ನಡದಲ್ಲಿ ಗೇಣಿದಾರರು ಹೆಚ್ಚು, ಹಾಗಾಗಿ ಕಾಯ್ದೆಯ ಪರಿಣಾಮವೂ ಅಲ್ಲಿ ಹೆಚ್ಚು. ಜೀತಪದ್ಧತಿಯನ್ನು ರದ್ದುಮಾಡುವ ಕೇಂದ್ರದ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಬಂತು. ಹೀಗಾಗಿ ಚಿತ್ರವನ್ನು, ಕಾನೂನು ಈಗಾಗಲೇ ಪರಿಹರಿಸಿರುವ ಒಂದು ಹಳೆಯ ದುಃಖದ ಕಥೆಯೆಂದು ನೋಡುವುದು ಸುಲಭವಾಗಿತ್ತು. ಆದರೆ ಚೋಮನ ಸ್ಥಾನ ಏನು? ಅವನು ಗೇಣಿದಾರನಲ್ಲ. ಗೇಣಿದಾರನಾಗಬೇಕೆಂಬುದೇ ಅವನ ಕನಸು. ಕಾಯ್ದೆ ಭೂಮಿ ಕೊಟ್ಟದ್ದು ಅದನ್ನು ಗೇಣಿಗೆ ಉಳುತ್ತಿದ್ದವನಿಗೆ. ಉಳಲೇಬಾರದೆಂದು ಜಾತಿ ತಡೆದವನ ಹೆಸರು ಗೇಣಿ ದಾಖಲೆಯಲ್ಲಿ ಬರುವುದೆಲ್ಲಿಂದ? ಚೋಮ 1974ರವರೆಗೆ ಬದುಕಿದ್ದರೂ ಭೂನ್ಯಾಯಮಂಡಳಿಯ ಮುಂದೆ ತೋರಿಸಲು ಅವನ ಹತ್ತಿರ ಒಂದು ಚೀಟಿಯೂ ಇರುತ್ತಿರಲಿಲ್ಲ. ಕಾರಂತರು ಕಥೆಯನ್ನು ಎಪ್ಪತ್ತರ ದಶಕಕ್ಕೆ ತಂದು ಕೂರಿಸಲಿಲ್ಲ, ಹೊಸ ಕಾಲದ ಮಾತೊಂದನ್ನು ಚೋಮನ ಬಾಯಿಗೆ ತುರುಕಲಿಲ್ಲ. ಆ ಸಂಯಮದಿಂದಾಗಿಯೇ ಚಿತ್ರ ಇವತ್ತಿಗೂ ಕಾಯ್ದೆಯ ಜೊತೆ ಜಗಳವಾಡಬಲ್ಲದು.

ಹೀಗೆ ಹೊಗಳುತ್ತ ಹೋಗಬಹುದಿತ್ತು, ಬೆಳ್ಳಿ ಇಲ್ಲದಿದ್ದರೆ.

ಕಥೆಯ ಕೇಂದ್ರದಲ್ಲಿರುವ ಸಾಲವನ್ನು ನಿಜವಾಗಿ ತೀರಿಸುವವಳು ಅವಳು. ಅಪ್ಪ ತೀರಿಸಲಾಗಲಿಲ್ಲ, ಅಣ್ಣಂದಿರಿಂದ ಆಗಲಿಲ್ಲ. ತೋಟದ ಧಣಿ ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದದ್ದು ಬೆಳ್ಳಿಯ ಮೈಯ ಮೇಲೆ. ಮನೆಗೆ ಬಂದು ಸಾಲ ತೀರಿತೆಂದು ಹೇಳುವಾಗ ಅವಳು ಏನನ್ನು ಹೇಳದೆ ಉಳಿಸಿಕೊಳ್ಳುತ್ತಾಳೋ ಅದು ಇಡೀ ಕಥೆಯ ಅತ್ಯಂತ ಭಾರವಾದ ಮೌನ. ಪದ್ಮಾ ಕುಮಟಾ ಅವರ ಮುಖದಲ್ಲಿ ಆ ಮೌನ ಕಾಣುತ್ತದೆ. ಆದರೆ ಕಾಣುವುದಷ್ಟೇ. ದುಃಖ ಬಂದಾಗ ಚೋಮನಿಗೆ ಗೋಡೆಗೆ ನೇತುಹಾಕಿದ ದುಡಿಯಿದೆ. ಬೆಳ್ಳಿಗೆ ಏನಿದೆ? ಕಾದಂಬರಿಯಲ್ಲಿ ಅವಳ ಪಕ್ಕದಲ್ಲಿ ನಿಂತು ನಾಲ್ಕು ಮಾತಾಡಲು ಆ ಓದಿದ ನಿರೂಪಕನಾದರೂ ಇದ್ದ. ಚಿತ್ರದಲ್ಲಿ ಅವನು ಎದ್ದುಹೋದಮೇಲೆ ಚೋಮನಿಗೆ ಬದಲಿಯಾಗಿ ದುಡಿ ಸಿಕ್ಕಿತು, ಅವಳಿಗೆ ಏನೂ ಸಿಗಲಿಲ್ಲ. ನಿರೂಪಕ ಹೋದಾಗ ಅಪ್ಪನಿಗೆ ಲಾಭವಾಯಿತು, ಮಗಳಿಗೆ ನಷ್ಟವಾಯಿತು ಎಂದು ಲೆಕ್ಕದ ಭಾಷೆಯಲ್ಲೇ ಹೇಳಬೇಕು.

ಮನ್ವೇಲನ ಜೊತೆ ಅವಳನ್ನು ಕಂಡ ಚೋಮ ಹೊಡೆದು ಹೊರಗೆ ಹಾಕುತ್ತಾನೆ. ಆ ಸಿಟ್ಟಿನ ಮೇಲೇ ಕಥೆಯ ಕೊನೆಯ ಏರಿಕೆ ಕಟ್ಟಿದೆ: ಎತ್ತು, ಮುಚ್ಚಿದ ಬಾಗಿಲು, ದುಡಿ, ಸಾವು. ನಾವು ಅತ್ತುಬಿಡುತ್ತೇವೆ. ಅಳುತ್ತಿರುವಾಗ, ಈ ದೊಡ್ಡ ಸಾವಿಗೆ ನೆಪವಾದದ್ದು ಮನೆಯ ಸಾಲ ತೀರಿಸಿದ ಹುಡುಗಿಯೊಬ್ಬಳು ತನಗೆ ಬೇಕಾದವನ ಹತ್ತಿರ ಹೋದದ್ದು ಎಂಬುದನ್ನು ಬದಿಗಿಡುತ್ತೇವೆ. 1933ರಲ್ಲಿ ಹೀಗೆ ಬರೆದದ್ದು ನನಗೆ ಅರ್ಥವಾಗುತ್ತದೆ. 1975ರಲ್ಲಿ, ತನ್ನದೇ ಪುಸ್ತಕವನ್ನು ತಿದ್ದುವ ಪೂರ್ತಿ ಅಧಿಕಾರ ಕೈಯಲ್ಲಿದ್ದಾಗ, ಬೇರೆ ಯಾರೂ ಮುಟ್ಟಲಾಗದ ಕೊನೆಯನ್ನು ಮುಟ್ಟಬಹುದಾಗಿದ್ದ ಒಬ್ಬನೇ ಮನುಷ್ಯ ಅದನ್ನು ಹಾಗೇ ಬಿಟ್ಟರಲ್ಲ, ಅದು ನನಗೆ ಜೀರ್ಣವಾಗುವುದಿಲ್ಲ. ಹೊರಗಿನ ನಿರ್ದೇಶಕನೊಬ್ಬ ಕೊನೆಯನ್ನು ಬೆಳ್ಳಿಯ ಕಡೆಗೆ ತಿರುಗಿಸಿದ್ದರೆ ಕಾದಂಬರಿಗೆ ದ್ರೋಹವಾಯಿತೆಂದು ಕೂಗು ಎದ್ದಿರುತ್ತಿತ್ತು. ಕಾರಂತರಿಗೆ ಆ ಭಯವಿರಲಿಲ್ಲ. ಲೇಖಕ ತಾನೇ ಚಿತ್ರಕಥೆ ಬರೆದರೆ ಕೃತಿಗೆ ಹೆಚ್ಚು ನ್ಯಾಯ ಸಿಗುತ್ತದೆ ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ಇಲ್ಲಿ ನಿಲ್ಲುವುದಿಲ್ಲ. ಲೇಖಕನಿಗೆ ಮೊದಲ ಸಲ ಕಾಣದೆ ಉಳಿದದ್ದು ಎರಡನೆಯ ಸಲವೂ ಕಾಣದೆ ಉಳಿಯಬಹುದು, ಅದೂ ಇನ್ನಷ್ಟು ಅಧಿಕೃತವಾಗಿ.

ಮೂರು ವರ್ಷದ ನಂತರ, 1978ರಲ್ಲಿ, ಕಾರಂತರು ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಹೆಸರಿನಲ್ಲಿ ತಾವೇ ನಿರ್ದೇಶಿಸಿದರು. ‘ಚೋಮನ ದುಡಿ’ಯ ನೆರಳಲ್ಲಿ ಅದು ಮರೆಯಾಗಿದೆ. ಮತ್ತೆ ಬೆಟ್ಟದ ಜನ, ಮತ್ತೆ ಸ್ವಂತ ಭಾಷೆಯಿರುವ ಒಂದು ಸಮುದಾಯ, ಮತ್ತೆ ಕನ್ನಡ. ಆ ಕುರಿತು ಬೇರೆಯಾಗಿಯೇ ಬರೆಯಬೇಕು.

ಮೊನ್ನೆ ಈ ಲೇಖನದ ಕರಡನ್ನು ರೂಮಿನವಳಿಗೆ ಓದಿ ಹೇಳಿದೆ. ಭೂಸುಧಾರಣೆಯ ಭಾಗದಲ್ಲಿ ಆಕಳಿಸಿದಳು. ಬೆಳ್ಳಿಯ ಭಾಗಕ್ಕೆ ಬಂದಾಗ ತಡೆದು, ಹೆಸರೂ ಕನ್ನಡವೇ ಅಲ್ವಾ ಎಂದಳು. ನನಗೆ ತಕ್ಷಣ ಹೊಳೆಯಲಿಲ್ಲ. ತುಳುವಿನಲ್ಲಿ ಬೆಳ್ಳಿಗೆ ಬೊಳ್ಳಿ ಎನ್ನುತ್ತಾರಂತೆ. ಗುಡಿಸಲಿನಲ್ಲಿ ಅವಳನ್ನು ಕೂಗುತ್ತಿದ್ದದ್ದು ಹಾಗೇ ಇರಬೇಕು ಎಂದು, ತೋರಿಸಿಕೊಡುವವಳಂತೆ ಒಂದು ಸಲ ಕೂಗಿದಳು: ‘ಬೊಳ್ಳೀ’.